ಮದ್ದಿನ ಪ್ರಮಾಣ: ನೀಲಗಿರಿಯ ಕಾರ್ಡೈಟ್ ಮತ್ತು ತೋಟಾ ತುಂಬುವವನ ಆಯ್ಕೆ

ಕನ್ನಡದಲ್ಲಿ ರೋಗಿಗೆ ಕೊಡುವುದೂ ಮದ್ದು, ಕೋವಿಗೆ ತುಂಬುವುದೂ ಮದ್ದು. ಈ ದ್ವಂದ್ವಾರ್ಥ ಕನ್ನಡಕ್ಕೆ ಮಾತ್ರ ಸೇರಿದ್ದಲ್ಲ. ಕನ್ನಡಿಗರು ನೆರೆಹೊರೆಯಾಗಿ ಬಾಳುವ ಭಾಷೆಗಳಲ್ಲೆಲ್ಲ ಇದೇ ಕಾಣುತ್ತದೆ. ತಮಿಳಿನ ‘ಮರುಂದು’, ಮಲಯಾಳದ ‘ಮರುನ್ನು’, ತೆಲುಗಿನ ‘ಮಂದು’ ಮೂರೂ ಔಷಧಿಯ ಹೆಸರುಗಳು. ತಮಿಳು ಮಲಯಾಳಗಳಲ್ಲಿ ‘ವೆಡಿ’ ಎಂಬ ಮಾತು ಮುಂದೆ ಸೇರಿದರೆ, ತೆಲುಗಿನಲ್ಲಿ ‘ತುಪಾಕಿ’ ಸೇರಿದರೆ ಅವು ಕೋವಿಯ ಮದ್ದಾಗುತ್ತವೆ. ಸೊಲ್ಲಾಪುರ, ಅಕ್ಕಲಕೋಟೆಗಳ ಮರಾಠಿಯಲ್ಲಿ ‘ದಾರೂ’ ಎಂದರೆ ಹೆಂಡವೂ ಹೌದು, ಸಿಡಿಮದ್ದೂ ಹೌದು. ಅದರ ಪಾರಸಿ ಮೂಲದ ಅರ್ಥ ಔಷಧಿಯೇ. ಮದ್ದನ್ನು ಮೊದಲು ಕಂಡುಕೊಂಡ ಚೀನೀಯರು ಅದಕ್ಕಿಟ್ಟ ಹೆಸರಿನ ಅರ್ಥವೂ ‘ಬೆಂಕಿಯ ಔಷಧಿ’ ಎಂದೇ. ಬೇರೆ ಬೇರೆ ಕುಲದ ಭಾಷೆಗಳು ಒಂದೇ ರೂಪಕಕ್ಕೆ ಬಂದು ನಿಂತದ್ದನ್ನು ಆಕಸ್ಮಿಕವೆಂದು ತಳ್ಳಿಹಾಕಲಾಗದು. ಪುಡಿಮಾಡಿ, ಜರಡಿ ಹಿಡಿದು, ತೂಗಿ ಬೆರೆಸುವ ಕೆಲಸ ಎರಡಕ್ಕೂ ಸಮಾನ. ಹೆಚ್ಚಾದರೆ ಕೊಲ್ಲುವ ಗುಣವೂ ಸಮಾನ.

ಕಿಟೆಲ್ ನಿಘಂಟು ಮಂಗಳೂರಿನ ಬಾಸೆಲ್ ಮಿಶನ್ನಿನಿಂದ 1894ರಲ್ಲಿ ಹೊರಬಂದಿತು. ಅದು ‘ಮದ್ದು’ ಪದದ ಎರಡೂ ಅರ್ಥಗಳನ್ನು ದಾಖಲಿಸಿದ ಹೊತ್ತಿಗೆ, ಎರಡನೆಯ ಅರ್ಥ ಸೂಚಿಸುತ್ತಿದ್ದ ವಸ್ತು ಯುರೋಪಿನ ಸೇನೆಗಳಲ್ಲಿ ಬದಲಾಗಿಬಿಟ್ಟಿತ್ತು. ಕಪ್ಪುಮದ್ದಿನ ಸ್ಥಾನಕ್ಕೆ ಹೊಗೆರಹಿತ ಮದ್ದು ಬಂದಿತ್ತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಆ ಹೊಸ ಮದ್ದಿನ ಕಾರ್ಖಾನೆ ಕನ್ನಡದ ದಕ್ಷಿಣದ ಅಂಚಿಗೇ, ನೀಲಗಿರಿಯ ಅರುವಂಕಾಡಿಗೆ, ಬಂದು ನೆಲೆಸಿತು. ವಸ್ತು ಬೇರೆಯಾದರೂ ಪದ ಬದಲಾಗಲಿಲ್ಲ. ಯಾವ ಕೋವಿಗೆ ಯಾವ ಮದ್ದು, ಎಷ್ಟು ಎಂದು ತೀರ್ಮಾನಿಸುವ ಅಧಿಕಾರವು ಕೋವಿ ಹಿಡಿದವನ ಕೈಯಿಂದ ಕಾರ್ಖಾನೆಗೂ ಸರ್ಕಾರಕ್ಕೂ ಸರಿದು ಹೋದ ಸುಮಾರು ಮೂವತ್ತು ವರ್ಷಗಳನ್ನು ಈ ಪದದ ಹಿನ್ನೆಲೆಯಲ್ಲಿ ನೋಡಿದರೆ ಕೆಲವು ಸಂಗತಿಗಳು ಹೆಚ್ಚು ಸ್ಪಷ್ಟವಾಗುತ್ತವೆ.

ಕಪ್ಪುಮದ್ದಿನ ಕಾಲದಲ್ಲಿ ಆಯ್ಕೆ ಎಂಬುದು ಬಹುಮಟ್ಟಿಗೆ ಊರಿನೊಳಗಿನ ವಿಷಯವಾಗಿತ್ತು. ಪೆಟ್ಲುಪ್ಪು, ಇದ್ದಿಲು, ಗಂಧಕ — ಮೂರೇ ದ್ರವ್ಯ. ಹತ್ತೊಂಬತ್ತನೆಯ ಶತಮಾನದ ಬ್ರಿಟಿಷ್ ಸೇನೆಯಲ್ಲಿ ಇವುಗಳ ಪಾಲು ನೂರರಲ್ಲಿ 75, 15, 10 ಎಂದು ನೆಲೆಗೊಂಡಿತ್ತು. ನಾಡಮದ್ದಿನಲ್ಲಿ ಅದು ಮಾಡುವವನ ಕೈಗುಣಕ್ಕೆ ತಕ್ಕಂತೆ ಏರಿಳಿಯುತ್ತಿತ್ತು. ಗಂಧಕ ಮಾತ್ರ ಪೇಟೆಯಿಂದ ಬರಬೇಕು. ಹಳೆಯ ಗೋಡೆಗಳ, ದನದ ಕೊಟ್ಟಿಗೆಗಳ ಮಣ್ಣನ್ನು ನೀರಿನಲ್ಲಿ ಇಳಿಸಿ, ಆ ನೀರನ್ನು ಕುದಿಸಿ ಉಪ್ಪನ್ನೂ ಪೆಟ್ಲುಪ್ಪನ್ನೂ ಬೇರ್ಪಡಿಸುವುದು ಉಪ್ಪಾರರ ಕುಲಕಸುಬಾಗಿತ್ತು. ಆದವಾನಿ, ರಾಯದುರ್ಗ, ಬಳ್ಳಾರಿಗಳ ಒಣಸೀಮೆಯಲ್ಲಿ ಈ ಸಮುದಾಯ ಇಂದಿಗೂ ದಟ್ಟವಾಗಿದೆ; ಕಸುಬು ಮಾತ್ರ ವಸಾಹತು ಸರ್ಕಾರದ ಉಪ್ಪಿನ ಕಾಯಿದೆಗಳ ಅಡಿಯಲ್ಲಿ ನಲುಗಿ ಹೋಯಿತು. ಪೆಟ್ಲುಪ್ಪು ತೆಗೆದರೆ ಜೊತೆಯಲ್ಲಿ ಅಡುಗೆ ಉಪ್ಪೂ ದೊರೆಯುತ್ತಿತ್ತಾದ್ದರಿಂದ, ಉಪ್ಪಿನ ಸುಂಕ ಕಾಯುವ ಇಲಾಖೆಗೆ ಮದ್ದಿನ ಮೂಲದ್ರವ್ಯದ ಮೇಲೆಯೂ ಕಣ್ಣಿಡಬೇಕಾಯಿತು. ಇದ್ದಿಲಿನ ವಿಷಯದಲ್ಲಿ ಆಯ್ಕೆ ಇನ್ನೂ ಸೂಕ್ಷ್ಮ. ಗಟ್ಟಿಮರದ ಇದ್ದಿಲು ಒಲೆಗೆ ಒಳ್ಳೆಯದು, ಮದ್ದಿಗೆ ಕೆಟ್ಟದ್ದು. ಯುರೋಪಿನವರು ಇದಕ್ಕೆ ಹಗುರವಾದ ನೀರಂಜಿ ಮರಗಳನ್ನು ಹುಡುಕಿದರೆ, ಭಾರತದಲ್ಲಿ ತೊಗರಿಕಡ್ಡಿ ಅದೇ ಕೆಲಸ ಮಾಡಿತು. ಎಕ್ಕದ ಇದ್ದಿಲಿಗೂ ಮದ್ದು, ಬಾಣಬಿರುಸುಗಳ ತಯಾರಿಯಲ್ಲಿ ಹೆಸರಿತ್ತು. ಚಿತ್ರದುರ್ಗದ ಕೋಟೆಯೊಳಗೆ ಪ್ರವಾಸಿಗಳು ನಿಂತು ನೋಡುವ ಮದ್ದು ಬೀಸುವ ದೊಡ್ಡ ಕಲ್ಲುಗಳು ಈ ಕಸುಬಿನ ರಾಜಾಶ್ರಯದ ರೂಪವನ್ನು ತೋರಿಸುತ್ತವೆ. ಊರಿನ ರೂಪಕ್ಕೆ ಅಂತಹ ಕಲ್ಲುಗಳಿಲ್ಲ. ಒರಳು ಒನಕೆಗಳು ಗುರುತು ಉಳಿಸುವುದಿಲ್ಲ.

ಒಂದೇ ದ್ರವ್ಯದಿಂದಾದ ಮದ್ದಿನಲ್ಲಿಯೂ ಎಲ್ಲವೂ ಒಂದೇ ಸಮನಾಗಿ ಉರಿಯುವುದಿಲ್ಲ. ಕಾಳು ಸಣ್ಣದಾದಷ್ಟೂ ಉರಿಯುವ ಮೈ ಹೆಚ್ಚು, ವೇಗ ಹೆಚ್ಚು. ಆದ್ದರಿಂದ ಪಿಸ್ತೂಲಿಗೂ ಸಣ್ಣ ನಳಿಗೆಗೂ ಸಣ್ಣ ಕಾಳು, ದಪ್ಪ ನಳಿಗೆಯ ಕೋವಿಗೆ ದಪ್ಪ ಕಾಳು, ಫಿರಂಗಿಗೆ ಇನ್ನೂ ದಪ್ಪ ಎಂಬ ನಿಯಮ ಬೆಳೆಯಿತು. ಇಂದು ರೈಫಲ್ಲಿಗೆ ಮದ್ದು ಆರಿಸುವಾಗ ತಜ್ಞರು ಹೇಳುವ ತತ್ತ್ವದ ಬೀಜವೂ ಇದೇ. ಗುಂಡು ನಳಿಗೆಯಲ್ಲಿ ಮುಂದೆ ಸರಿದಂತೆ ಹಿಂದೆ ಜಾಗ ಹೆಚ್ಚುತ್ತದೆ. ಆ ಜಾಗವನ್ನು ತುಂಬುವಷ್ಟೇ ವೇಗವಾಗಿ ಅನಿಲ ಹುಟ್ಟಬೇಕು. ಅದಕ್ಕಿಂತ ಬೇಗ ಹುಟ್ಟಿದರೆ ಒತ್ತಡ ನಳಿಗೆಯ ಬುಡದಲ್ಲಿ ಗಡ್ಡೆಕಟ್ಟುತ್ತದೆ. ತಡವಾದರೆ ಮದ್ದು ನಳಿಗೆಯ ಬಾಯಾಚೆ ವ್ಯರ್ಥವಾಗಿ ಉರಿಯುತ್ತದೆ. ಕೈಕೋವಿಯವನು ಇದನ್ನು ಸೂತ್ರವಾಗಿ ಅರಿಯದಿದ್ದರೂ ಅನುಭವದಿಂದ ಬಲ್ಲವನಾಗಿದ್ದ. ಮದ್ದು ಜಡಿದ ಮೇಲೆ ಸಲಾಕೆ ನಳಿಗೆಯಿಂದ ಎಷ್ಟು ಬೆರಳು ಹೊರಗೆ ನಿಲ್ಲುತ್ತದೆ ಎಂಬುದೇ ಅವನ ಅಳತೆ. ಈ ಬೆರಳಿನ ಅಳತೆ ನಗುವಂಥದ್ದಲ್ಲ. ಕಪ್ಪುಮದ್ದು ಒಂದು ಮಟ್ಟಿಗೆ ಕ್ಷಮಾಗುಣದ ವಸ್ತು: ಅದರ ಉರಿಯುವ ವೇಗ ಒತ್ತಡವನ್ನು ಹೆಚ್ಚು ಅವಲಂಬಿಸುವುದಿಲ್ಲ, ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗದೆ ಹೊಗೆ, ಕಿಟ್ಟವಾಗಿ ಉಳಿಯುತ್ತದೆ. ಒಂದು ಬೆರಳು ಹೆಚ್ಚು ಬಿದ್ದರೆ ಭುಜಕ್ಕೆ ಒದೆತ ಹೆಚ್ಚು, ಹೊಗೆ ಹೆಚ್ಚು. ಗಟ್ಟಿಯಾದ ಕೋವಿಯಾದರೆ ಬಹುಮಟ್ಟಿಗೆ ತಡೆದುಕೊಳ್ಳುತ್ತದೆ.

1870ರ ದಶಕಕ್ಕೆ ಹಿತ್ತಾಳೆಯ ಕೋಶವುಳ್ಳ ತೋಟಾ ನೆಲೆಯೂರಿದಾಗಲೂ ಈ ಸ್ವಾತಂತ್ರ್ಯ ಕೂಡಲೇ ಕಳೆದುಹೋಗಲಿಲ್ಲ. ಖಾಲಿಯಾದ ಕೋಶವನ್ನು ಎತ್ತಿಟ್ಟುಕೊಂಡು, ಹೊಸ ಕೇಪು ಕೂರಿಸಿ, ಮದ್ದು ಅಳೆದು, ಸೀಸದ ಗುಂಡು ಒತ್ತಿದರೆ ತೋಟಾ ಮತ್ತೆ ಸಿದ್ಧ. ದೂರದ ಕಾಡುಗಳಲ್ಲಿ ಬೀಡುಬಿಡುವ ಬೇಟೆಗಾರ ಅಧಿಕಾರಿಗಳಿಗೆ ಇದು ಶೋಕಿಯಾಗಿರಲಿಲ್ಲ, ಅನಿವಾರ್ಯವಾಗಿತ್ತು. ಮೈಸೂರು ಸರ್ಕಾರದ ಆನೆ ಹಿಡಿಯುವ ಕೆಲಸಕ್ಕೆ ನಿಂತು, ಈಗಿನ ತಾಳವಾಡಿಗೆ ಹತ್ತಿರದ ಚಾಮರಾಜನಗರದ ಕಾಡುಗಳಲ್ಲಿ ವರ್ಷಗಟ್ಟಲೆ ಇದ್ದ ಜಿ. ಪಿ. ಸ್ಯಾಂಡರ್ಸನ್ 1878ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ದೊಡ್ಡ ಮೃಗಗಳಿಗೆ ದೊಡ್ಡ ನಳಿಗೆ, ದೊಡ್ಡ ಪ್ರಮಾಣದ ಮದ್ದು ಎಂಬ ಆ ಕಾಲದ ಒಪ್ಪಿತ ನಿಲುವೇ ಇದೆ. ಅಳತೆಗೆ ಎರಡು ಮಾನಗಳಿದ್ದವು. ಬೇಟೆಕೋವಿಗಳಿಗೆ ಡ್ರಾಮ್, ಸೇನೆಯ ರೈಫಲ್ಲುಗಳಿಗೆ ಗ್ರೇನ್. ಒಂದು ಪೌಂಡಿಗೆ 7000 ಗ್ರೇನ್, ಒಂದು ಡ್ರಾಮಿಗೆ ಸುಮಾರು 27 ಗ್ರೇನ್. ಸ್ನೈಡರ್ ರೈಫಲ್ಲಿಗೆ 70 ಗ್ರೇನ್ ಕಪ್ಪುಮದ್ದು, ಮಾರ್ಟಿನಿ-ಹೆನ್ರಿಗೆ 85 ಗ್ರೇನ್ ಮದ್ದು ಮತ್ತು 480 ಗ್ರೇನ್ ತೂಕದ ಗುಂಡು. ಹೆಸರಿಗೆ ಇವು ತೂಕಗಳೇ. ಬಳಕೆಯಲ್ಲಿ ಮಾತ್ರ ಯಾರೂ ತಕ್ಕಡಿ ಹಿಡಿಯುತ್ತಿರಲಿಲ್ಲ. ಹಿತ್ತಾಳೆಯ ಪುಟ್ಟ ಅಳತೆಗಿಂಡಿಯಲ್ಲಿ ಮೂರು ಡ್ರಾಮಿನ ಗೆರೆಯವರೆಗೆ ತುಂಬಿದರೆ ಅದೇ ಮೂರು ಡ್ರಾಮ್. ತೂಕದ ಹೆಸರು ಹೊತ್ತ ಪರಿಮಾಣ — ಮುಂದಿನ ಅನಾಹುತದ ಮೂಲ ಇಲ್ಲಿದೆ.

ಫ್ರಾನ್ಸಿನ ಪಾಲ್ ವಿಯೇಯ್ 1884ರಲ್ಲಿ ನೈಟ್ರೋಸೆಲ್ಯುಲೋಸನ್ನು ಅಂಟಿನಂತೆ ಮೆದುಗೊಳಿಸಿ, ಹಾಳೆಯಾಗಿಸಿ, ತುಂಡರಿಸಿ ಮಾಡಿದ ಹೊಗೆರಹಿತ ಮದ್ದು 1886ರ ಲೆಬೆಲ್ ರೈಫಲ್ಲಿನೊಡನೆ ಸೇನೆಗೆ ಬಂದಿತು. ಮರುವರ್ಷ ಆಲ್ಫ್ರೆಡ್ ನೊಬೆಲ್ ನೈಟ್ರೋಗ್ಲಿಸರಿನ್ ಸೇರಿಸಿ ಬ್ಯಾಲಿಸ್ಟೈಟ್ ಮಾಡಿದ. ಇವು ಬಹುತೇಕ ಪೂರ್ತಿಯಾಗಿ ಅನಿಲವಾಗುತ್ತವೆ. ಆದ್ದರಿಂದ ಅದೇ ಕೆಲಸಕ್ಕೆ ಅರ್ಧಕ್ಕೂ ಕಡಮೆ ತೂಕ ಸಾಕು. ಅದಕ್ಕಿಂತ ಮುಖ್ಯವಾಗಿ, ಇವುಗಳ ಉರಿಯುವ ವೇಗ ಸುತ್ತಲಿನ ಒತ್ತಡ ಹೆಚ್ಚಿದಂತೆ ತಾನೂ ಹೆಚ್ಚುತ್ತದೆ. ಒತ್ತಡ ವೇಗವನ್ನು ಹೆಚ್ಚಿಸುತ್ತದೆ, ವೇಗ ಒತ್ತಡವನ್ನು. ಕಪ್ಪುಮದ್ದಿನ ಕ್ಷಮಾಗುಣ ಇಲ್ಲಿಲ್ಲ.

ಬೇಟೆಕೋವಿಯವರಿಗೆ ಇದಕ್ಕಿಂತ ಮೊದಲೇ ಒಂದು ಮಧ್ಯಮಾರ್ಗ ಪರಿಚಯವಾಗಿತ್ತು. ಪ್ರಷ್ಯದ ಸೇನಾಧಿಕಾರಿ ಶುಲ್ಟ್ಸೆ 1860ರ ದಶಕದಲ್ಲಿ ಮರದ ನಾರಿನಿಂದ ಮಾಡಿದ ಮದ್ದನ್ನು, ಹಳೆಯ ಅಳತೆಗಿಂಡಿಯನ್ನೇ ಬಳಸಲು ಅನುಕೂಲವಾಗುವಂತೆ ಹಗುರವಾಗಿ, ಉಬ್ಬಿದ ಕಾಳಾಗಿ ತಯಾರಿಸಲಾಗುತ್ತಿತ್ತು. ಮೂರು ಡ್ರಾಮಿನ ಗೆರೆಯವರೆಗೆ ತುಂಬಿದರೆ ಅದರ ನಿಜವಾದ ತೂಕ 42 ಗ್ರೇನ್, ಕಪ್ಪುಮದ್ದಾದರೆ 82. ಕೆಲಸ ಮಾತ್ರ ಒಂದೇ. ಇದು ಪರಿಮಾಣಕ್ಕೆ ಒಗ್ಗಿದ ಮದ್ದು. ಬ್ಯಾಲಿಸ್ಟೈಟ್ ಹಾಗಲ್ಲ, ಅದು ಸಾಂದ್ರ ಮದ್ದು. ಅದೇ ಕೋವಿಗೆ ಸುಮಾರು 25 ಗ್ರೇನ್ ಸಾಕು. ಅದನ್ನು ಗಿಂಡಿಯಲ್ಲಿ ಗೆರೆ ಮುಟ್ಟ ತುಂಬಿದವನು ತಿಳಿಯದೆ ಎರಡು ಮೂರು ಪಟ್ಟು ಮದ್ದು ಹಾಕಿದಂತಾಗುತ್ತಿತ್ತು. ಕಪ್ಪುಮದ್ದಿಗೆಂದು ಕಬ್ಬಿಣ ಉಕ್ಕುಗಳ ಪಟ್ಟಿಗಳನ್ನು ಹೆಣೆದು ಬೆಸೆದ ಹಳೆಯ ನಳಿಗೆಗಳು ಹೀಗೆ ಸೀಳಿದಾಗ ಹೋಗುತ್ತಿದ್ದುದು ಎಡಗೈಯ ಬೆರಳುಗಳು, ಕೆಲವೊಮ್ಮೆ ಕಣ್ಣು. ಯುರೋಪು, ಅಮೆರಿಕಗಳಲ್ಲಿ ಕೋವಿ ತಯಾರಕರು, ಪತ್ರಿಕೆಗಳು ಈ ಎರಡು ವರ್ಗಗಳ ಭೇದವನ್ನು ದಶಕಗಳ ಕಾಲ ಸಾರುತ್ತಲೇ ಇರಬೇಕಾಯಿತು. ಇಂದಿಗೂ ಅಮೆರಿಕದ ಬೇಟೆತೋಟಾಗಳ ಪೆಟ್ಟಿಗೆಯ ಮೇಲೆ ಇಷ್ಟು ಡ್ರಾಮಿಗೆ ಸಮಾನ ಎಂದು ಅಚ್ಚಾಗುವುದುಂಟು. ಒಳಗೆ ಅಷ್ಟು ಡ್ರಾಮ್ ಮದ್ದು ಇರುವುದಿಲ್ಲ.

ಇಂಗ್ಲಿಷಿನಲ್ಲಿ ಈ ಭೇದಕ್ಕೆ ಬೇರೆ ಬೇರೆ ಹೆಸರುಗಳಾದರೂ ಹುಟ್ಟಿದವು. ಕನ್ನಡದಲ್ಲಿಯೂ ನೆರೆಯ ಭಾಷೆಗಳಲ್ಲಿಯೂ ಆಡುಮಾತು ಎಲ್ಲವನ್ನೂ ಒಂದೇ ಪದದ ಕೆಳಗೆ ತಂದಿತು. ಮಲೆನಾಡು, ಕರಾವಳಿಗಳ ಕನ್ನಡ ಕೋವಿಗಳನ್ನು ‘ಕೇಪಿನ ಕೋವಿ’, ‘ತೋಟಾ ಕೋವಿ’ ಎಂದು ಚೆನ್ನಾಗಿ ವಿಂಗಡಿಸಿಕೊಂಡಿತು. ಒಳಗಿನ ಮದ್ದಿಗೆ ಅಂತಹ ವಿಂಗಡಣೆ ಬರಲಿಲ್ಲ. ಇದನ್ನು ಭಾಷೆಯ ಬಡತನವೆಂದು ಓದುವುದು ಸರಿಯಲ್ಲ. ತನ್ನ ಕೈಯಲ್ಲಿ ಆಯ್ದುಕೊಳ್ಳುವ ವಸ್ತುವಿಗೆ ಜನ ಹೆಸರಿಡುತ್ತಾರೆ. ಮುಚ್ಚಿದ ತೋಟಾದೊಳಗೆ ಕಾಣದಂತೆ ಬರುವುದಕ್ಕೆ ಹೆಸರಿನ ಅಗತ್ಯ ಬೀಳುವುದಿಲ್ಲ. ಹೊಸ ಮದ್ದು ಇಲ್ಲಿಗೆ ಬಂದದ್ದು ಬಹುಪಾಲು ಮುಚ್ಚಿದ ತೋಟಾದಲ್ಲಿ.

ಹಾಗೆ ಮುಚ್ಚಿ ಬಂದುದರಲ್ಲಿ ಮೊದಲನೆಯದು ಕಾರ್ಡೈಟ್. ಬ್ರಿಟಿಷ್ ಸರ್ಕಾರದ ಸಮಿತಿಯ ಪರವಾಗಿ ಫ್ರೆಡರಿಕ್ ಏಬಲ್ ಮತ್ತು ಜೇಮ್ಸ್ ಡ್ಯೂವರ್ 1889ರಲ್ಲಿ ಅದರ ಹಕ್ಕುಪತ್ರ ಪಡೆದರು. ನೂರರಲ್ಲಿ 58 ಪಾಲು ನೈಟ್ರೋಗ್ಲಿಸರಿನ್, 37 ಪಾಲು ಗನ್‌ಕಾಟನ್, 5 ಪಾಲು ವ್ಯಾಸಲೀನಿನಂಥ ಖನಿಜ ಜಿಡ್ಡು. ಅಸಿಟೋನಿನಲ್ಲಿ ಹದಗೊಳಿಸಿದ ಈ ಮಿಶ್ರಣವನ್ನು ಶಾವಿಗೆಯಂತೆ ಒತ್ತಿ ಎಳೆಗಳಾಗಿಸುತ್ತಿದ್ದುದರಿಂದ ‘ಕಾರ್ಡ್’ ಎಂಬ ಮೂಲದ ಹೆಸರು. ನೊಬೆಲ್ ತನ್ನ ಬ್ಯಾಲಿಸ್ಟೈಟಿನ ಹಕ್ಕು ಕದ್ದರೆಂದು ದಾವೆ ಹೂಡಿ 1895ರಲ್ಲಿ ಲಾರ್ಡ್ಸ್ ಸಭೆಯಲ್ಲಿ ಸೋತ. 1888ರಲ್ಲಿ ಸೇನೆಗೆ ಬಂದ .303 ರೈಫಲ್ಲಿಗೆ ಮೊದಲು ಸುಮಾರು 70 ಗ್ರೇನ್ ಕಪ್ಪುಮದ್ದನ್ನು ಬಿಲ್ಲೆಯಾಗಿ ಒತ್ತಿ ತುಂಬಲಾಗುತ್ತಿತ್ತು. ಅದರ ಬದಲಿಗೆ ಸುಮಾರು 31 ಗ್ರೇನ್ ಕಾರ್ಡೈಟ್ ಬಂದಾಗ ಗುಂಡಿನ ವೇಗ ಸೆಕೆಂಡಿಗೆ 2000 ಅಡಿಯ ಹತ್ತಿರಕ್ಕೆ ಏರಿತು. ರಣಭೂಮಿಯ ಹೊಗೆ ಮರೆಯಾಯಿತು.

ಕಾರ್ಡೈಟಿನ ಇನ್ನೊಂದು ಗುಣವನ್ನು ಇತಿಹಾಸಕಾರರು ಅಷ್ಟಾಗಿ ಗಮನಿಸಿಲ್ಲ. ಅದು ಕಾಳಲ್ಲ, ಎಳೆ. ಗಿಂಡಿಯಲ್ಲಿ ಅಳೆದು ಸುರಿಯಲು ಬಾರದು. .303 ತೋಟಾದ ಕೋಶಕ್ಕೆ ಎಳೆಗಳ ಕಟ್ಟನ್ನು ಇಳಿಸುತ್ತಿದ್ದುದು ಕೋಶದ ಕತ್ತನ್ನು ಕಿರಿದುಗೊಳಿಸುವ ಮೊದಲು. ಮದ್ದು ಒಳಗೆ ಸೇರಿದ ಮೇಲೆ ಯಂತ್ರ ಕತ್ತನ್ನು ಹಿಸುಕಿ ಗುಂಡಿಗೆ ತಕ್ಕ ಅಳತೆಗೆ ತರುತ್ತಿತ್ತು. ಒಮ್ಮೆ ಹಾರಿಸಿದ ಕೋಶಕ್ಕೆ ಅದೇ ಕಟ್ಟನ್ನು ಮತ್ತೆ ತೂರಿಸಲು ಬೇಟೆಗಾರನಿಂದಾಗಲಿ ಸಿಪಾಯಿಯಿಂದಾಗಲಿ ಸಾಧ್ಯವಿರಲಿಲ್ಲ. ಕೈಯಿಂದ ತೋಟಾ ತುಂಬುವ ಕೆಲಸವನ್ನು ಯಾವ ಕಾಯಿದೆಯೂ ಮಾಡದಷ್ಟು ಪರಿಣಾಮಕಾರಿಯಾಗಿ ಮದ್ದಿನ ಆಕಾರವೇ ಮುಗಿಸಿತು. ಹೀಗಾಗಲೆಂದು ಯಾರೂ ಕಾರ್ಡೈಟನ್ನು ರೂಪಿಸಿರಲಿಲ್ಲ. ಆದರೆ ಆದದ್ದು ಹೀಗೆ.

ಆಯ್ಕೆಯ ಹೊಣೆ ಕಾರ್ಖಾನೆಗೆ ಸರಿದ ಮೇಲೆ ತಪ್ಪುಗಳೂ ಕಾರ್ಖಾನೆಯ ಪ್ರಮಾಣದಲ್ಲಿಯೇ ಆದವು. 58 ಪಾಲು ನೈಟ್ರೋಗ್ಲಿಸರಿನ್ನಿನ ಉರಿ ಎಷ್ಟು ಬಿಸಿಯೆಂದರೆ ಮೆಟ್‌ಫರ್ಡ್ ರೂಪಿಸಿದ ಆಳವಿಲ್ಲದ ಸುರುಳಿಗೀರುಗಳು ಬೇಗನೆ ಸವೆದುಹೋದವು. 1895ರಲ್ಲಿ ಎನ್‌ಫೀಲ್ಡ್ ಮಾದರಿಯ ಆಳವಾದ ಐದು ಗೀರುಗಳನ್ನು ಕೊರೆದು ನಳಿಗೆಯನ್ನು ಮದ್ದಿಗೆ ಹೊಂದಿಸಿದರು. ಲೀ-ಮೆಟ್‌ಫರ್ಡ್ ಹೋಗಿ ಲೀ-ಎನ್‌ಫೀಲ್ಡ್ ಬಂದಿತು. 1901ರಲ್ಲಿ ನೈಟ್ರೋಗ್ಲಿಸರಿನ್ನನ್ನು 30 ಪಾಲಿಗೆ ಇಳಿಸಿ, ಗನ್‌ಕಾಟನ್ನನ್ನು 65ಕ್ಕೆ ಏರಿಸಿ ಮದ್ದನ್ನು ನಳಿಗೆಗೆ ಹೊಂದಿಸಿದರು, ಇದಕ್ಕೆ ‘ಎಂ.ಡಿ.’ ಎಂಬ ಗುರುತು. ಹಳೆಯ ಕೋವಿಕಾರ ಕಾಳಿನ ಗಾತ್ರ ಬದಲಿಸಿ ಒಂದು ಸಂಜೆಯಲ್ಲಿ ಮಾಡಿಕೊಳ್ಳುತ್ತಿದ್ದ ಹೊಂದಾಣಿಕೆಗೆ ಸಾಮ್ರಾಜ್ಯಕ್ಕೆ ಹತ್ತು ವರ್ಷ ಹಿಡಿಯಿತು.

ಭಾರತದಲ್ಲಿ ಇನ್ನೊಂದು ತೊಡಕು ಕಾದಿತ್ತು: ಸೆಕೆ. ಹೊಗೆರಹಿತ ಮದ್ದು ಹೊತ್ತಿಕೊಳ್ಳುವ ಮೊದಲು ಎಷ್ಟು ಬೆಚ್ಚಗಿರುತ್ತದೆಯೋ ಅಷ್ಟು ಬೇಗ ಉರಿಯುತ್ತದೆ. ಇಂಗ್ಲೆಂಡಿನ ತಂಪಿನಲ್ಲಿ ಪರೀಕ್ಷಿಸಿ ನಿಗದಿಮಾಡಿದ ಪ್ರಮಾಣ, ಬೇಸಗೆಯ ಬಿಸಿಲಿನಲ್ಲಿ ಕಾದ ತೋಟಾದಲ್ಲಿ ನಿರೀಕ್ಷೆಗೆ ಮೀರಿದ ಒತ್ತಡ ಕೊಡುತ್ತಿತ್ತು. ಅತಿ ಒತ್ತಡದ ಮೊದಲ ಲಕ್ಷಣ ಕೋವಿ ಒಡೆಯುವುದಲ್ಲ. ಹಿತ್ತಾಳೆಯ ಕೋಶ ಉಬ್ಬಿ ನಳಿಗೆಯ ಬುಡಕ್ಕೆ ಅಂಟಿಕೊಂಡು ಹೊರಬಾರದಿರುವುದು. ಗಾಯಗೊಂಡ ಆನೆ ಎದುರಿಗಿರುವಾಗ ಎರಡೂ ಸಮಾನ. ಆದ್ದರಿಂದ ದೊಡ್ಡ ರೈಫಲ್ಲುಗಳ ಬ್ರಿಟಿಷ್ ತಯಾರಕರು ಉಷ್ಣದೇಶಗಳಿಗೆಂದೇ ಕೆಲವು ಗ್ರೇನ್ ಕಡಮೆ ಕಾರ್ಡೈಟ್ ತುಂಬಿದ ತೋಟಾಗಳನ್ನು ಮಾರತೊಡಗಿದರು. ದಾಸ್ತಾನಿನ ಸಮಸ್ಯೆ ಇದಕ್ಕಿಂತ ಗಂಭೀರ. ಕಾರ್ಡೈಟ್ ಶೇಖರಣೆಯಲ್ಲಿ ಮೆಲ್ಲಗೆ ಕೊಳೆಯುತ್ತದೆ. ಸೆಕೆ ಹೆಚ್ಚಿದಷ್ಟೂ ಬೇಗ. ಮಿತಿಮೀರಿದರೆ ತಾನೇ ಹೊತ್ತಿಕೊಳ್ಳುತ್ತದೆ. ಮದ್ದಿನ ಮಾದರಿಯನ್ನು ಬಿಸಿಮಾಡಿ, ಮೇಲೆ ತೂಗಬಿಟ್ಟ ಅಯೋಡೈಡ್ ಲೇಪದ ಕಾಗದ ಎಷ್ಟು ನಿಮಿಷಕ್ಕೆ ಬಣ್ಣ ಬದಲಿಸುತ್ತದೆ ಎಂದು ನೋಡುವ ಏಬಲ್ ಪರೀಕ್ಷೆ ಇದರಿಂದಾಗಿಯೇ ಮದ್ದಿನ ಉಗ್ರಾಣಗಳ ನಿತ್ಯಕರ್ಮವಾಯಿತು. ಕಪ್ಪುಮದ್ದು ಒದ್ದೆಯಾದರೆ ಕೆಡುತ್ತಿತ್ತು, ಒಣಗಿಸಿದರೆ ಆಯಿತು. ಹೊಸ ಮದ್ದಿಗೆ ವಯಸ್ಸಾಗುತ್ತಿತ್ತು.

ಇಪ್ಪತ್ತನೆಯ ಶತಮಾನದ ಆರಂಭದವರೆಗೆ ದಮ್‌ದಮ್, ಖಡ್ಕಿಗಳ ಕಾರ್ಖಾನೆಗಳಲ್ಲಿ ತುಂಬುವ ಕಾರ್ಡೈಟ್ ಬ್ರಿಟನ್ನಿನಿಂದ ಹಡಗಿನಲ್ಲಿ ಬರಬೇಕಾಗಿತ್ತು. ಭಾರತದಲ್ಲಿಯೇ ಅದನ್ನು ಮಾಡಲು 1903-04ರಲ್ಲಿ ಸಿದ್ಧವಾದದ್ದು ಕೂನೂರಿಗೆ ಹತ್ತಿರದ ಅರುವಂಕಾಡಿನ ಕಣಿವೆಯ ಕಾರ್ಖಾನೆ. ಸ್ಥಳದ ಎತ್ತರ ಸುಮಾರು 6000 ಅಡಿ, ವರ್ಷವಿಡೀ ತಂಪು. ಬೇಗ ಆವಿಯಾಗುವ ಅಸಿಟೋನ್, ಸೆಕೆ ತಾಳದ ನೈಟ್ರೋಗ್ಲಿಸರಿನ್ — ಇವೆರಡನ್ನೂ ಬಲ್ಲವರಿಗೆ ಬಯಲುಸೀಮೆ ಬಿಟ್ಟು ಬೆಟ್ಟವನ್ನೇ ಆರಿಸಿದ್ದು ಸೋಜಿಗವೆನಿಸದು. ಮೆಟ್ಟುಪಾಳ್ಯದಿಂದ ಕೂನೂರಿಗೆ ಹಲ್ಲುಹಳಿಯ ರೈಲು 1899ರಲ್ಲಿಯೇ ಏರಿತ್ತು; 1908ರಲ್ಲಿ ಅದು ಉದಕಮಂಡಲ ಮುಟ್ಟಿದಾಗ ಅರುವಂಕಾಡು ದಾರಿಯ ನಿಲ್ದಾಣವಾಯಿತು. ಕಾಟೇರಿ ಜಲಪಾತದ ಬಳಿ ಕಟ್ಟಿದ ಜಲವಿದ್ಯುತ್ ಕೇಂದ್ರ ಕಾರ್ಖಾನೆಗೆ ಶಕ್ತಿ ಕೊಟ್ಟಿತು. ವೆಲ್ಲಿಂಗ್ಟನ್ನಿನ ಸೇನಾ ಬಿಡಾರ ಕೂಗಳತೆಯಲ್ಲಿತ್ತು.

ವೆಲ್ಲಿಂಗ್ಟನ್ನಿನ ಮೊದಲ ಹೆಸರು ಜಕ್ಕತಳ. ಪಕ್ಕದ ಬಡಗರ ಹಳ್ಳಿ ಜಗತಳದಿಂದ ಬಂದದ್ದು. ಕಾರ್ಡೈಟ್ ಕಾರ್ಖಾನೆ ಎದ್ದುನಿಂತ ಸೀಮೆ ಬಡಗರ ನೆಲೆಗಳ ನಡುವಿನದು. ಬಡಗು ದೇಶದಿಂದ, ಎಂದರೆ ಮೈಸೂರು ಸೀಮೆಯಿಂದ, ಬಂದವರೆಂಬ ಅರ್ಥವನ್ನು ಹೆಸರಿನಲ್ಲಿಯೇ ಹೊತ್ತ ಈ ಜನರ ನುಡಿಯನ್ನು ಕನ್ನಡದ ಉಪಭಾಷೆಯೆನ್ನಬೇಕೋ ಪ್ರತ್ಯೇಕ ಭಾಷೆಯೆನ್ನಬೇಕೋ ಎಂಬ ಚರ್ಚೆ ಈ ಪತ್ರಿಕೆಯ ಓದುಗರಿಗೆ ಹೊಸತಲ್ಲ. ಹತ್ತಿರದ ಕೇತಿಯಲ್ಲಿ 1846ರಿಂದ ನೆಲೆನಿಂತ ಬಾಸೆಲ್ ಮಿಶನ್ ಬಡಗರಿಗೆ ಶಾಲೆಯ ಭಾಷೆಯಾಗಿ ಕನ್ನಡವನ್ನು ಬಳಸಿತ್ತು. ಹೀಗೆ ‘ಮದ್ದು’ ಪದಕ್ಕೆ ಎರಡು ಅರ್ಥ ಬರೆದ ನಿಘಂಟನ್ನು ಅಚ್ಚುಹಾಕಿದ ಮಿಶನ್ನಿನ ಕನ್ನಡ ಶಾಲೆಗಳ ಸೀಮೆಯಲ್ಲಿಯೇ, ಆ ನಿಘಂಟು ಹೊರಬಂದ ಹತ್ತು ವರ್ಷಕ್ಕೆ, ಮೂರನೆಯದೊಂದು ಮದ್ದು ತಯಾರಾಗತೊಡಗಿತು. ಅದಕ್ಕೆ ಅಲ್ಲಿ ದೇಶೀಯ ಹೆಸರು ಹುಟ್ಟಲಿಲ್ಲ. ‘ಕಾರ್ಡೈಟ್’ ಎಂಬುದು ಮದ್ದಿನ ಹೆಸರಾಗಿ ಬಂದು ಸ್ಥಳದ ಹೆಸರಾಗಿ ನಿಂತಿತು.

ಕಾರ್ಖಾನೆಯಲ್ಲಿ ಗಟ್ಟಿಯಾದ ಈ ಏಕಸ್ವಾಮ್ಯಕ್ಕೆ ಕಾಯಿದೆಯ ಬೇಲಿಯೂ ಇತ್ತು. ಲಿಟ್ಟನ್ ಕಾಲದ 1878ರ ಶಸ್ತ್ರಾಸ್ತ್ರ ಕಾಯಿದೆ ಭಾರತೀಯರ ಕೋವಿಗೆ ಪರವಾನಗಿ ಕಡ್ಡಾಯಗೊಳಿಸಿದ್ದನ್ನು ಎಲ್ಲರೂ ಬಲ್ಲರು; ಯುರೋಪಿಯನ್ನರಿಗೆ ಕೊಟ್ಟ ವಿನಾಯಿತಿ ರಾಷ್ಟ್ರೀಯ ಚಳವಳಿಯ ಮೊದಲ ದೂರುಗಳಲ್ಲೊಂದಾಯಿತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಸಿಕ್ಕ ರಿಯಾಯಿತಿ ಬೇರೆಯೇ ಕಥೆ. ಆ ಕಾಯಿದೆಯ ಪದವಿವರಣೆಯನ್ನು ಓದಿದವರು ಕಡಮೆ. ಕೇಪು, ಜಡಿಯುವ ಬಿಲ್ಲೆ, ತೋಟಾದ ಬಿಡಿಭಾಗ, ತೋಟಾ ತಯಾರಿಸುವ ಯಂತ್ರ ಎಲ್ಲವೂ ಅಲ್ಲಿ ಮದ್ದುಗುಂಡಿನ ವ್ಯಾಖ್ಯೆಯೊಳಗೇ ಬರುತ್ತವೆ. ಸೀಸ, ಗಂಧಕ, ಪೆಟ್ಲುಪ್ಪುಗಳಿಗೂ ಅಧಿಸೂಚನೆಯಿಂದ ಕಾಯಿದೆ ಚಾಚಬಹುದಾಗಿತ್ತು. ಕಾಯಿದೆ ಬರೆದವರ ಕಣ್ಣು ಕೋವಿಗಿಂತ ಹೆಚ್ಚಾಗಿ ತೋಟಾ ತುಂಬುವ ಕೈಯ ಮೇಲಿತ್ತು. 1884ರ ಸ್ಫೋಟಕ ಕಾಯಿದೆ ಮದ್ದು ತಯಾರಿಯನ್ನು ಪ್ರತ್ಯೇಕವಾಗಿ ಹಿಡಿತಕ್ಕೆ ತಂದಿತು.

ಇದೇ ಭಯ ಬೇಟೆಗಾರ ಬಿಳಿಯರನ್ನೂ ತಾಕಿದ ಪ್ರಸಂಗವೊಂದಿದೆ. ಲಂಡನ್ನಿನ ರಿಗ್ಬಿ 1898ರಲ್ಲಿ ಹೊರತಂದ .450 ನೈಟ್ರೋ ಎಕ್ಸ್‌ಪ್ರೆಸ್ ತೋಟಾ — 70 ಗ್ರೇನ್ ಕಾರ್ಡೈಟ್, 480 ಗ್ರೇನ್ ಗುಂಡು — ಆನೆ, ಕಾಟಿಗಳ ಬೇಟೆಯಲ್ಲಿ ನಾಲ್ಕೈದು ಕಿಲೋ ತೂಕದ ರೈಫಲ್ಲಿಗೆ ಹಳೆಯ ಭಾರೀ ಕೋವಿಗಳ ಶಕ್ತಿ ಕೊಟ್ಟಿತು. ಅದರ ಕೋಶ ಕಪ್ಪುಮದ್ದಿನ ಕಾಲದ .450 ತೋಟಾದ ಕೋಶವೇ. ಉದ್ದ ಅದೇ ಮೂರೂಕಾಲು ಅಂಗುಲ. ಹಳೆಯದರಲ್ಲಿ 120 ಗ್ರೇನ್ ಕಪ್ಪುಮದ್ದು ಇರುತ್ತಿತ್ತು. ಹೊಸ ತೋಟಾವನ್ನು ಹಳೆಯ ರೈಫಲ್ಲಿಗೆ ಸೇರಿಸಿದರೆ ಸೇರುತ್ತದೆ, ಹಾರಿಸಿದರೆ ಅಪಾಯ. ಹಳೆಯ ರೈಫಲ್ಲುಗಳಿಗೆಂದು ತಯಾರಕರು ತೂಗಿ ತಗ್ಗಿಸಿದ ಕಾರ್ಡೈಟಿನ ಬೇರೆ ತೋಟಾಗಳನ್ನು ಮಾಡಬೇಕಾಯಿತು. ಸರ್ಕಾರ ಹೆದರಿದ್ದು ಇದಕ್ಕಲ್ಲ. ವಾಯವ್ಯ ಗಡಿಯಲ್ಲಿಯೂ ಇತರೆಡೆಯಲ್ಲಿಯೂ ದಂಗೆಕೋರರ ಕೈಸೇರಿದ್ದ ಮಾರ್ಟಿನಿ-ಹೆನ್ರಿಗಳ ನಳಿಗೆಯೂ .450 ಅಳತೆಯದು, ಬೇಟೆಗಾರನ ತೋಟಾದ ಗುಂಡು, ಮದ್ದುಗಳು ಆ ತೋಟಾಗಳಿಗೆ ಸೇರಬಹುದೆಂಬ ಲೆಕ್ಕದಿಂದ 1907ರಲ್ಲಿ ಈ ಅಳತೆಯ ರೈಫಲ್ಲುಗಳನ್ನು ಭಾರತಕ್ಕೆ ತರುವುದನ್ನೇ ನಿಷೇಧಿಸಲಾಯಿತು. ಇಂಗ್ಲೆಂಡಿನ ತಯಾರಕರು .465, .470, .475 ಎಂಬ ಹೊಸ ಅಳತೆಗಳನ್ನು ಸಾಲಾಗಿ ಹುಟ್ಟಿಸಿದ್ದು ಈ ನಿಷೇಧವನ್ನು ದಾಟಲಿಕ್ಕೆ. ಇಂದು ಸಂಗ್ರಾಹಕರು ಬೇಟೆಯ ಅಭಿಜಾತ ಸಂಪ್ರದಾಯವೆಂದು ಕೊಂಡಾಡುವ ಈ ಅಳತೆಗಳ ಹಿಂದೆ ಇರುವುದು ಗಡಿನಾಡಿನ ಯಾರೋ ಕಮ್ಮಾರನು ಕೈಯಲ್ಲಿ ತುಂಬಬಹುದಾದ ತೋಟಾದ ಭಯ.

ಮೊದಲ ಮಹಾಯುದ್ಧದಲ್ಲಿ ಕಾರ್ಡೈಟ್ ತನ್ನದೇ ದೌರ್ಬಲ್ಯಕ್ಕೆ ಸಿಕ್ಕಿಕೊಂಡಿತು: ಅಸಿಟೋನ್ ಸಾಲದು. ಮರವನ್ನು ಭಟ್ಟಿಯಿಳಿಸಿ ಪಡೆಯುತ್ತಿದ್ದ ಈ ದ್ರಾವಕಕ್ಕೆ ಬದಲಾಗಿ ಹಯಿಮ್ ವೈಜ್‌ಮನ್ ಜೋಳದ ಪಿಷ್ಟವನ್ನು ಹುಳಿಯಿಸುವ ವಿಧಾನ ಕಂಡುಹಿಡಿದದ್ದೂ, ಈಥರ್-ಆಲ್ಕೊಹಾಲ್ ಬಳಸುವ ಬೇರೊಂದು ಬಗೆಯ ಕಾರ್ಡೈಟ್ ರೂಪುಗೊಂಡದ್ದೂ ಆ ವರ್ಷಗಳಲ್ಲಿ. ಕಾಳಿನ ರೂಪದ ನೈಟ್ರೋಸೆಲ್ಯುಲೋಸ್ ಮದ್ದು ತುಂಬಿದ .303 ತೋಟಾಗಳೂ ಬಳಕೆಗೆ ಬಂದವು. ಅವುಗಳ ಗುರುತಿಗೆ ಕೊನೆಯಲ್ಲಿ ‘ಝಡ್’ ಅಕ್ಷರ. 1910ರ ಏಳನೆಯ ಮಾದರಿಯ 174 ಗ್ರೇನ್ ಗುಂಡಿಗೆ ಸೆಕೆಂಡಿಗೆ ಸುಮಾರು 2440 ಅಡಿ ವೇಗ ಕೊಡಲು ಕೊಳವೆಯಾಕಾರದ ಎಂ.ಡಿ. ಕಾರ್ಡೈಟ್ 37 ಗ್ರೇನಿನ ಆಸುಪಾಸು ಸಾಕಾದರೆ, ನೈಟ್ರೋಸೆಲ್ಯುಲೋಸ್ ಮದ್ದು 41 ಗ್ರೇನಿನಷ್ಟು ಬೇಕಾಗುತ್ತಿತ್ತು. ರೈಫಲ್ ಅದೇ, ಗುಂಡು ಅದೇ, ವೇಗ ಅದೇ. ಮದ್ದಿನ ತೂಕ ಬೇರೆ. ಒಂದರ ಪ್ರಮಾಣವನ್ನು ಇನ್ನೊಂದಕ್ಕೆ ಹೊಂದಿಸಲಾಗದು ಎಂಬ ಮಾತಿಗೆ ಇದಕ್ಕಿಂತ ಚಿಕ್ಕ ನಿದರ್ಶನ ಬೇಕಿಲ್ಲ.

ಕಾಳಿನ ಮದ್ದು ಮರಳಿದುದರಿಂದ ಕೈಯಲ್ಲಿ ತೋಟಾ ತುಂಬುವ ಕಲೆಗೂ ಮರುಜೀವ ಬಂದಿತು, ಆದರೆ ಅಮೆರಿಕದಲ್ಲಿ. ಕಾಳಿಗೆ ರಂಧ್ರ ಕೊರೆದು, ಮೈಗೆ ಉರಿ ತಗ್ಗಿಸುವ ಲೇಪ ಹಚ್ಚಿ, ವೇಗದಿಂದ ನಿಧಾನದವರೆಗೆ ಸಾಲಾಗಿ ಹತ್ತಾರು ಮದ್ದುಗಳು ಅಲ್ಲಿನ ಅಂಗಡಿಗಳಿಗೆ ಬಂದವು. ಸಣ್ಣ ಕೋಶ, ಹಗುರ ಗುಂಡು, ಗಿಡ್ಡ ನಳಿಗೆಗೆ ಬೇಗ ಉರಿಯುವುದು. ಸಣ್ಣ ನಳಿಗೆಯ ಹಿಂದೆ ದೊಡ್ಡ ಕೋಶ, ಭಾರವಾದ ಗುಂಡು ಇದ್ದರೆ ನಿಧಾನವಾದದ್ದು. ತಯಾರಕರು ಅಚ್ಚುಹಾಕುವ ಪಟ್ಟಿಯಲ್ಲಿ ಅತ್ಯಂತ ಕಡಮೆ ಪ್ರಮಾಣದಿಂದ ಆರಂಭಿಸಿ, ಕೋಶ ಉಬ್ಬುವುದನ್ನೂ ಕೇಪು ಚಪ್ಪಟೆಯಾಗುವುದನ್ನೂ ನೋಡುತ್ತ ಏರಬೇಕು. ಪ್ರತಿಯೊಂದನ್ನೂ ಗ್ರೇನಿನ ಹತ್ತನೆಯ ಒಂದಂಶದವರೆಗೆ ತೂಗಬೇಕು. ಬೆರಳಿನ ಅಳತೆಯವನು ಕೋವಿಯ ಒದೆತ ನೋಡಿ ತಿಳಿಯುತ್ತಿದ್ದುದನ್ನೇ ಇವರು ಹಿತ್ತಾಳೆಯ ಮೈಮೇಲೆ ಓದುತ್ತಾರೆ.

ಗಡಿನಾಡಿನ ಕನ್ನಡ ಸೀಮೆಗಳಿಗೆ ಈ ಎರಡನೆಯ ಸ್ವಾತಂತ್ರ್ಯ ಬರಲಿಲ್ಲ. 1878ರ ಕಾಯಿದೆಯ ಜಾಗಕ್ಕೆ 1959ರ ಕಾಯಿದೆ ಬಂದರೂ ಪರವಾನಗಿಯ ಚೌಕಟ್ಟು ಉಳಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೊಂದಿಗೆ ಬೇಟೆಯೇ ಮುಗಿಯಿತು. ಕಾಸರಗೋಡು, ವಯನಾಡುಗಳ ತೋಟಗಳಲ್ಲಿ ಹಂದಿ, ಮಂಗಗಳಿಂದ ಬೆಳೆ ಕಾಯಲೆಂದು ಉಳಿದ ಪರವಾನಗಿಯ ಒಂಟಿನಳಿಗೆಗಳಲ್ಲಿ ಕೇಪಿನ ಕೋವಿಗಳೂ ಇವೆ. ಅವುಗಳ ಮದ್ದು ಇಂದಿಗೂ ಕಪ್ಪು. ರೈಫಲ್ಲಿನ ತೋಟಾ ಕನ್ನಡ ಓದುಗರಿಗೆ ಪರಿಚಿತವಾದದ್ದು ಹೆಚ್ಚಾಗಿ ಪುಸ್ತಕದಲ್ಲಿ. ಹೊಸೂರು ಸೀಮೆಯ ಜವಳಗಿರಿ, ಗುಮ್ಮಳಾಪುರಗಳ ಕಾಡುಗಳಲ್ಲಿ .405 ವಿಂಚೆಸ್ಟರ್ ಹಿಡಿದು ಅಲೆದ ಕೆನೆತ್ ಆಂಡರ್ಸನ್ನನ ಬರಹಗಳನ್ನು ಪೂರ್ಣಚಂದ್ರ ತೇಜಸ್ವಿ ‘ಕಾಡಿನ ಕತೆಗಳು’ ಸಂಪುಟಗಳಲ್ಲಿ ಕನ್ನಡಕ್ಕೆ ತಂದರು. ಆ ರೈಫಲ್ಲಿನ ತೋಟಾ 1904ರಲ್ಲಿ ಅಮೆರಿಕದ ಕಾರ್ಖಾನೆಯಲ್ಲಿ, ಹೊಗೆರಹಿತ ಮದ್ದಿಗೆಂದೇ ಹುಟ್ಟಿದ್ದು.

ಅರುವಂಕಾಡಿನಲ್ಲಿ ಈಗ ತಯಾರಾಗುವ ಮದ್ದುಗಳು ಹಲವು ಬಗೆಯವು. ಶಾವಿಗೆಯಂತೆ ಒತ್ತಿದ 1889ರ ಎಳೆಗಳಿಗೂ ಅವಕ್ಕೂ ದೂರದ ನೆಂಟಸ್ತಿಕೆ ಮಾತ್ರ. 2021ರ ಅಕ್ಟೋಬರಿನಲ್ಲಿ ಸರ್ಕಾರ ಶಸ್ತ್ರಾಸ್ತ್ರ ಕಾರ್ಖಾನೆಗಳ ಮಂಡಳಿಯನ್ನು ಏಳು ಕಂಪನಿಗಳಾಗಿ ಒಡೆದಾಗ ಈ ಕಾರ್ಖಾನೆ ಮ್ಯೂನಿಶನ್ಸ್ ಇಂಡಿಯಾ ಲಿಮಿಟೆಡ್ಡಿನ ಪಾಲಿಗೆ ಬಂದಿತು. ಹೆಸರಿನಲ್ಲಿ ಕಾರ್ಡೈಟ್ ಉಳಿದುಕೊಂಡಿದೆ.